ಹುಟ್ಟುಹಬ್ಬದ ಹಾಳೆ ವಾಪಸ್ ಬಂದಿದ್ದರ ಬಗ್ಗೆ

ಪ್ರಿಯ ಪೋಷಕರೇ,

ನಮಸ್ಕಾರ. ಆಗಸ್ಟ್ ಶುರುವಾದಾಗಿನಿಂದ ಆಫೀಸಿನ ಫೋನು ಒಂದೇ ವಿಷಯಕ್ಕೆ ಬಡಿದುಕೊಳ್ಳುತ್ತಿದೆ. ‘ನಮ್ಮ ಮಗು ಬರೆದ ಹುಟ್ಟುಹಬ್ಬದ ಹಾಳೆಯನ್ನ ಯಾಕೆ ವಾಪಸ್ ಕಳಿಸಿದ್ರಿ?’ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದವಾಗಿದೆ. ದಯವಿಟ್ಟು ಕೂತು ಓದಿ.

ಪದ್ಧತಿ ನಿಮಗೆ ಗೊತ್ತೇ ಇದೆ. ಮಗುವಿನ ಹುಟ್ಟುಹಬ್ಬ ಬಂದಾಗ, ಅದೇ ತಾರೀಖಿನಲ್ಲಿ ಹುಟ್ಟಿದ ಒಬ್ಬ ಸಂಗೀತಗಾರರ ಬಗ್ಗೆ, ಇಲ್ಲವೇ ಆ ದಿನ ಸಂಗೀತ ಲೋಕದಲ್ಲಿ ನಡೆದ ಒಂದು ಸಂಗತಿಯ ಬಗ್ಗೆ ಮಗು ಒಂದು ಹಾಳೆ ಬರೆದು ತರುತ್ತದೆ. ಪ್ರಾರ್ಥನೆ ಮುಗಿದ ಮೇಲೆ ಓದುತ್ತದೆ. ನಾವು ಮೂರು ನಿಮಿಷ ಆ ಸಂಗೀತ ಹಾಕುತ್ತೇವೆ. ಹಾಳೆ ನೋಟಿಸ್ ಬೋರ್ಡಿಗೆ ಹೋಗುತ್ತದೆ. ಈ ಜೂನ್‌ನಿಂದ ಇದಕ್ಕೆ ಒಂದು ನಿಯಮ ಸೇರಿಸಿದ್ದೇವೆ. ತಾರೀಖು ಎಲ್ಲಿ ಸಿಕ್ಕಿತು ಎಂದು ಹಾಳೆಯ ಕೆಳಗೆ ಬರೆದಿರಬೇಕು. ಆ ಸಂಗೀತ ಕೇಳಿದಾಗ ಏನನ್ನಿಸಿತು ಎಂದು ಎರಡು ಸಾಲು ಇರಬೇಕು. ಇವೆರಡು ಇಲ್ಲದಿದ್ದರೆ ಹಾಳೆ ವಾಪಸ್ ಬರುತ್ತದೆ.

ಗಲಾಟೆ ಶುರುವಾಗಿದ್ದು ಲೂಯಿ ಆರ್ಮ್‌ಸ್ಟ್ರಾಂಗ್ ಅವರಿಂದ. ಜಾಝ್ ಸಂಗೀತದ ದೊಡ್ಡ ಹೆಸರು, ಟ್ರಂಪೆಟ್ ನುಡಿಸುತ್ತಿದ್ದವರು. ಜುಲೈ 4ಕ್ಕೆ ಹುಟ್ಟಿದ ಒಬ್ಬ ಹುಡುಗ ಅವರ ಬಗ್ಗೆ ಬರೆದು ತಂದ. ಹುಟ್ಟಿದ್ದು 1900ರ ಜುಲೈ 4 ಎಂದಿತ್ತು. ಎಲ್ಲಿ ಸಿಕ್ಕಿತು ಎಂದಿರಲಿಲ್ಲ. ಕ್ಲಾಸ್ ಟೀಚರ್ ಪೆನ್ಸಿಲ್‌ನಲ್ಲಿ ‘ಎಲ್ಲಿಂದ?’ ಎಂದು ಬರೆದು ವಾಪಸ್ ಕೊಟ್ಟರು. ತಿಂಗಳು ಕಳೆದು ಆಗಸ್ಟ್ 4ಕ್ಕೆ ಇನ್ನೊಂದು ತರಗತಿಯ ಹುಡುಗಿ ಅದೇ ಆರ್ಮ್‌ಸ್ಟ್ರಾಂಗ್ ಬಗ್ಗೆ ಬರೆದು ತಂದಳು. ಅವಳ ಹಾಳೆಯಲ್ಲಿ ಹುಟ್ಟಿದ್ದು 1901ರ ಆಗಸ್ಟ್ 4. ಅದು ಬೋರ್ಡಿಗೆ ಹೋಯಿತು. ಮಾರನೇ ದಿನ ಹುಡುಗನ ತಂದೆ ಆಫೀಸಿಗೆ ಬಂದರು. ‘ಮೇಡಂ, ನಮ್ಮ ಮಗನ ಆರ್ಮ್‌ಸ್ಟ್ರಾಂಗನ್ನ ಬೇರೆಯವರಿಗೆ ಕೊಟ್ಟುಬಿಟ್ರಲ್ಲ’ ಎಂದರು. ನನಗೆ ನಗು ಬಂತು, ಅವರಿಗೂ ಬಂತು. ಆದರೆ ಅವರ ಬೇಸರ ನಿಜವಾದದ್ದೇ. ಅವರ ಒಪ್ಪಿಗೆ ಕೇಳಿಯೇ ಇದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಆರ್ಮ್‌ಸ್ಟ್ರಾಂಗ್ ಖುದ್ದು ತಾವು ಹುಟ್ಟಿದ್ದು 1900ರ ಜುಲೈ 4 ಎಂದೇ ಹೇಳುತ್ತಿದ್ದರು. ಅದು ಅಮೆರಿಕದ ಸ್ವಾತಂತ್ರ್ಯ ದಿನ. 1971ರಲ್ಲಿ ತೀರಿಕೊಂಡರು. 1980ರ ದಶಕದಲ್ಲಿ ನ್ಯೂ ಆರ್ಲಿಯನ್ಸ್‌ನ ಚರ್ಚೊಂದರ ಹಳೆಯ ದೀಕ್ಷಾಸ್ನಾನದ (ಮಗುವನ್ನು ಕ್ರೈಸ್ತ ಧರ್ಮಕ್ಕೆ ಸೇರಿಸಿಕೊಳ್ಳುವ ವಿಧಿ) ದಾಖಲೆಯಲ್ಲಿ ಅವರ ಹೆಸರು ಸಿಕ್ಕಿತು. ಅಲ್ಲಿದ್ದದ್ದು 1901ರ ಆಗಸ್ಟ್ 4. ಹುಡುಗಿ ಇದನ್ನು ಬರೆದಿದ್ದಳು, ಹುಡುಗ ಬರೆದಿರಲಿಲ್ಲ. ವ್ಯತ್ಯಾಸ ಇಷ್ಟೇ. ‘ಜುಲೈ 4 ಅಂತ ಅವರೇ ಹೇಳುತ್ತಿದ್ದರು, ಚರ್ಚಿನ ದಾಖಲೆ ಬೇರೆ ಹೇಳುತ್ತದೆ’ ಎಂದು ಒಂದು ಸಾಲು ಸೇರಿಸಿ ತಂದರೆ ಅವನ ಹಾಳೆಯೂ ಬೋರ್ಡಿಗೆ ಹೋಗುತ್ತದೆ. ಆರ್ಮ್‌ಸ್ಟ್ರಾಂಗ್ ಇಬ್ಬರಿಗೂ ಸಾಕಾಗುತ್ತಾರೆ.

ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಹಾಳೆ ವಾಪಸ್ ಬಂತು ಎಂದರೆ ಮಗು ತಪ್ಪು ಮಾಡಿತು ಎಂದಲ್ಲ. ಇದಕ್ಕೆ ಅಂಕ ಇಲ್ಲ. ಪ್ರಗತಿ ಪತ್ರದಲ್ಲಿ ಒಂದು ಗೆರೆಯೂ ಬೀಳುವುದಿಲ್ಲ. ಎರಡನೇ ಸಲ, ಮೂರನೇ ಸಲ ತಂದರೂ ಯಾರೂ ಬೈಯುವುದಿಲ್ಲ.

‘ತಾರೀಖು ಫೋನಲ್ಲೇ ಇದೆಯಲ್ಲ, ಅದರಲ್ಲಿ ಹುಡುಕೋದೇನು?’ ಇದು ನಿಮ್ಮಲ್ಲಿ ಹೆಚ್ಚಿನವರ ಪ್ರಶ್ನೆ. ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಒಂದಲ್ಲ, ಎರಡೆರಡು ಇದೆ. ತೊಂದರೆ ಇರೋದೇ ಅಲ್ಲಿ.

ಜರ್ಮನಿಯ ಸಂಗೀತ ರಚನಕಾರ ಬೀಥೊವೆನ್ ಅವರನ್ನೇ ತಗೊಳ್ಳಿ. ಫೋನು ಡಿಸೆಂಬರ್ 16 ಎನ್ನುತ್ತದೆ, ಕೆಲವು ಕಡೆ 17. ಅವರು ಹುಟ್ಟಿದ ದಿನಕ್ಕೆ ದಾಖಲೆಯೇ ಇಲ್ಲ. 1770ರ ಡಿಸೆಂಬರ್ 17ರಂದು ಬಾನ್ ಊರಿನಲ್ಲಿ ದೀಕ್ಷಾಸ್ನಾನ ಆಯಿತು ಎಂಬುದಷ್ಟೇ ಬರವಣಿಗೆಯಲ್ಲಿ ಉಳಿದಿದೆ. ಆಗ ಮಗು ಹುಟ್ಟಿದ ಒಂದು ದಿನದೊಳಗೇ ದೀಕ್ಷಾಸ್ನಾನ ಮಾಡಿಸುವ ರೂಢಿ ಇತ್ತು, ಹಾಗಾದರೆ ಹಿಂದಿನ ದಿನ ಹುಟ್ಟಿರಬೇಕು ಎಂದು ಜನ ಲೆಕ್ಕ ಹಾಕಿಕೊಂಡಿದ್ದಾರೆ. ಸ್ವತಃ ಬೀಥೊವೆನ್‌ಗೇ ತಮ್ಮ ವಯಸ್ಸಿನ ಬಗ್ಗೆ ಅನುಮಾನ ಇತ್ತು. 1810ರಲ್ಲಿ ಗೆಳೆಯರೊಬ್ಬರಿಗೆ ಕಾಗದ ಬರೆದು, ನನ್ನ ದೀಕ್ಷಾಸ್ನಾನದ ಪತ್ರ ತರಿಸಿಕೊಡು, ಹುಷಾರಾಗಿ ನೋಡು, ನನಗಿಂತ ಮೊದಲು ಇದೇ ಹೆಸರಿನ ಅಣ್ಣ ಹುಟ್ಟಿ ತೀರಿಕೊಂಡಿದ್ದ ಎಂದು ತಿಳಿಸಿದ್ದರು. ಅಷ್ಟು ದೊಡ್ಡ ಮನುಷ್ಯ ತಮ್ಮ ಹುಟ್ಟಿದ ದಿನಕ್ಕೆ ‘ಎಲ್ಲಿಂದ?’ ಎಂದು ಕೇಳಿಕೊಂಡಿರುವಾಗ, ನಮ್ಮ ಟೀಚರ್ ಪೆನ್ಸಿಲ್‌ನಲ್ಲಿ ಕೇಳಿದ್ದು ಅತಿ ಆಯಿತೇ?

ಪೋಲೆಂಡಿನ ಪಿಯಾನೊ ಸಂಗೀತಗಾರ ಶೊಪಾನ್ ಅವರದ್ದು ಇನ್ನೊಂದು ಬಗೆ. ಚರ್ಚಿನ ದಾಖಲೆಯಲ್ಲಿ 1810ರ ಫೆಬ್ರವರಿ 22, ಮನೆಯವರು ಆಚರಿಸುತ್ತಿದ್ದದ್ದು ಮಾರ್ಚ್ 1.

ಜರ್ಮನಿಯ ಇನ್ನೊಬ್ಬ ರಚನಕಾರ ಬಾಖ್ ಅವರದ್ದಂತೂ ಮಜಾ ಇದೆ. ಹೋದ ಮಾರ್ಚ್‌ನಲ್ಲಿ ಒಂದು ಮಗು 21ಕ್ಕೆ ಬಾಖ್ ಬಗ್ಗೆ ಓದಿತು. ಸಂಜೆಯೊಳಗೆ ಪೋಷಕರ ವಾಟ್ಸ್ಯಾಪ್ ಗುಂಪಿನಲ್ಲಿ ‘ಬಾಖ್ ಹುಟ್ಟಿದ್ದು ಮಾರ್ಚ್ 31, ಶಾಲೆಯವರಿಗೇ ಗೊತ್ತಿಲ್ಲ’ ಎಂಬ ಮಾತು ಬಂತು. ಎರಡೂ ಸರಿ! 1685ರಲ್ಲಿ ಅವರು ಹುಟ್ಟಿದ ಐಸೆನಾಕ್ ಊರಲ್ಲಿ ಹಳೆಯ ಜೂಲಿಯನ್ ಕ್ಯಾಲೆಂಡರ್ ನಡೆಯುತ್ತಿತ್ತು. ಆ ಲೆಕ್ಕದಲ್ಲಿ ಅಂದು ಮಾರ್ಚ್ 21. ನಾವು ಇಂದು ಬಳಸುವ ಗ್ರೆಗೋರಿಯನ್ ಕ್ಯಾಲೆಂಡರ್ ಆಗ ಹತ್ತು ದಿನ ಮುಂದಿತ್ತು, ಅದರ ಪ್ರಕಾರ ಮಾರ್ಚ್ 31. ಯಾವ ಕ್ಯಾಲೆಂಡರ್ ಎಂದು ಹಾಳೆಯ ಮೇಲೆ ಇದ್ದಿದ್ದರೆ ಈ ಜಗಳಕ್ಕೆ ಜಾಗವೇ ಇರುತ್ತಿರಲಿಲ್ಲ. ಜೂನ್‌ನ ನಿಯಮ ಬಂದಿದ್ದು ಆ ಸಂಜೆಯಿಂದಲೇ. ಅಂದರೆ ನಿಯಮ ನಾವು ತಂದಿದ್ದಲ್ಲ, ಒಂದು ರೀತಿಯಲ್ಲಿ ನೀವೇ ತರಿಸಿದ್ದು.

ಮಾರ್ಚ್ 21 ಎಂದಾಗ ಇನ್ನೊಂದು ಮಾತು. ಅದೇ ತಾರೀಖಿಗೆ, 1916ರಲ್ಲಿ, ಉಸ್ತಾದ್ ಬಿಸ್ಮಿಲ್ಲಾ ಖಾನ್ ಹುಟ್ಟಿದರು. ಆ ಬೆಳಿಗ್ಗೆ ಮೊದಲು ಬಾಖ್ ಅವರ ಪಿಟೀಲಿನ ತುಣುಕು ಹಾಕಿದೆವು, ಆಮೇಲೆ ಶಹನಾಯಿ. ‘ಯಾಕೆ ಹೊರದೇಶದವರ ಸಂಗೀತ?’ ಎಂದು ಕೇಳುವವರಿಗೆ, ‘ಯಾಕೆ ಸಿನಿಮಾ ಹಾಡು?’ ಎನ್ನುವವರಿಗೆ, ‘ಬರೀ ಶಾಸ್ತ್ರೀಯ ಯಾಕೆ?’ ಎನ್ನುವವರಿಗೆ ನನ್ನ ಉತ್ತರ ಒಂದೇ. ಆರಿಸುವುದು ನಾನಲ್ಲ, ಕ್ಯಾಲೆಂಡರ್. ಫೆಬ್ರವರಿ 4ಕ್ಕೆ ಭೀಮಸೇನ ಜೋಶಿ ಬರುತ್ತಾರೆ, ಜೂನ್ 4ಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ, ಸೆಪ್ಟೆಂಬರ್ 16ಕ್ಕೆ ಎಂ.ಎಸ್. ಸುಬ್ಬುಲಕ್ಷ್ಮಿ, ಅಕ್ಟೋಬರ್ 9ಕ್ಕೆ ಬೀಟಲ್ಸ್ ತಂಡದ ಜಾನ್ ಲೆನನ್. ಜಾತಿ, ಭಾಷೆ, ದೇಶ ನೋಡಿ ಯಾರೂ ಹುಟ್ಟುವುದಿಲ್ಲವಲ್ಲ.

‘ನಮ್ಮ ಮಗುವಿನ ದಿನ ದೊಡ್ಡವರು ಯಾರೂ ಹುಟ್ಟಿಲ್ಲ’ ಎಂದವರೂ ಇದ್ದಾರೆ. ಹುಡುಕಿ, ಸಿಗುತ್ತಾರೆ. ಫೆಬ್ರವರಿ 29ಕ್ಕೂ ಸಿಗುತ್ತಾರೆ: ಇಟಲಿಯ ಸಂಗೀತ ರಚನಕಾರ ರೊಸ್ಸಿನಿ, 1792. ಹದಿಮೂರನೇ ತಾರೀಖು ಅಪಶಕುನ ಎಂದು ಬೇಸರ ಮಾಡಿಕೊಂಡ ಮಗುವಿಗೆ ಆಸ್ಟ್ರಿಯಾದ ಸಂಗೀತ ರಚನಕಾರ ಶೋನ್‌ಬರ್ಗ್ ಸಿಕ್ಕರು. ಅವರೂ 13 ಎಂದರೆ ಹೆದರುತ್ತಿದ್ದರು. ಹುಟ್ಟಿದ್ದು 1874ರ ಸೆಪ್ಟೆಂಬರ್ 13, ತೀರಿಕೊಂಡಿದ್ದು 1951ರ ಜುಲೈ 13, ಶುಕ್ರವಾರ. ಮಕ್ಕಳಿಗೆ ಈ ಕಥೆ ಎಷ್ಟು ಹಿಡಿಸಿತೆಂದರೆ ವಾರವಿಡೀ ಕಾರಿಡಾರ್‌ನಲ್ಲಿ ಅದೇ ಮಾತು.

ನನ್ನನ್ನು ಕೇಳಿದರೆ ವರ್ಷದಲ್ಲಿ ಎಲ್ಲಕ್ಕಿಂತ ಶ್ರೀಮಂತ ದಿನ ಮೇ 7. ಅದು ಬೇಸಿಗೆ ರಜೆಯಲ್ಲಿ ಬರುತ್ತದೆ, ಅದು ಬೇರೆ ಮಾತು. ರಜೆಯಲ್ಲಿ ಹುಟ್ಟಿದವರ ಸರದಿ ಜೂನ್‌ನಲ್ಲಿ ಬಂದಾಗ ಒಬ್ಬ ಹುಡುಗ ಆ ದಿನವನ್ನು ತಂದ. 1833ರ ಮೇ 7ಕ್ಕೆ ಜರ್ಮನಿಯ ರಚನಕಾರ ಬ್ರಾಮ್ಸ್ ಹುಟ್ಟಿದರು, 1840ರಲ್ಲಿ ಅದೇ ದಿನ ರಷ್ಯಾದ ರಚನಕಾರ ಚೈಕೋವ್‌ಸ್ಕಿ, 1861ರಲ್ಲಿ ಅದೇ ದಿನ ರವೀಂದ್ರನಾಥ ಠಾಗೋರ್. ಅದಕ್ಕೂ ಮೊದಲು, 1824ರ ಮೇ 7ರಂದು ವಿಯೆನ್ನಾದಲ್ಲಿ ಬೀಥೊವೆನ್ ಅವರ ಒಂಬತ್ತನೇ ಸಿಂಫನಿ (ದೊಡ್ಡ ವಾದ್ಯಮೇಳದ ಕೃತಿ) ಮೊದಲ ಸಲ ಕೇಳಿಸಿತು. ಆ ಹೊತ್ತಿಗೆ ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಹಿಂದೆ ಜನ ಚಪ್ಪಾಳೆ ಹೊಡೆಯುತ್ತಿರುವುದು ಗೊತ್ತಾಗದೆ ಬೆನ್ನು ಮಾಡಿ ನಿಂತಿದ್ದವರನ್ನು ಗಾಯಕಿ ಕಾರೊಲೀನ್ ಉಂಗರ್ ಹಿಡಿದು ತಿರುಗಿಸಿದರಂತೆ. ಹುಡುಗ ಇದನ್ನು ಓದುವಾಗ ತಾನೇ ಬೆನ್ನು ತಿರುಗಿಸಿ ನಿಂತು ತೋರಿಸಿದ. ಯಾರೂ ಹೇಳಿಕೊಟ್ಟಿರಲಿಲ್ಲ.

ಆ ಹಾಳೆಯಲ್ಲೂ ತಾರೀಖಿನ ಸಿಕ್ಕು ಇತ್ತು, ಅವನೇ ಬಿಡಿಸಿದ್ದ. ಚೈಕೋವ್‌ಸ್ಕಿ ಹುಟ್ಟಿದಾಗ ರಷ್ಯಾದ ಕ್ಯಾಲೆಂಡರ್‌ನಲ್ಲಿ ಏಪ್ರಿಲ್ 25. ಠಾಗೋರರ ಜಯಂತಿ ಬಂಗಾಳಿ ವೈಶಾಖ 25ಕ್ಕೆ, ಈಗ ಅದು ಸಾಮಾನ್ಯವಾಗಿ ಮೇ 8 ಅಥವಾ 9ಕ್ಕೆ ಬರುತ್ತದೆ. ತ್ಯಾಗರಾಜರ ಆರಾಧನೆ ಪುಷ್ಯ ಬಹುಳ ಪಂಚಮಿಗೆ, ಪುರಂದರದಾಸರದ್ದು ಪುಷ್ಯ ಅಮಾವಾಸ್ಯೆಗೆ ಆಗುವುದು ನಿಮಗೆ ಗೊತ್ತು. ತಿಥಿ ನಿಂತಲ್ಲೇ ಇರುತ್ತದೆ, ತಾರೀಖು ಪ್ರತಿ ವರ್ಷ ಓಡಾಡುತ್ತದೆ. ನಮ್ಮ ಹಿರಿಯರಿಗೆ ಇದು ಸಲೀಸಾಗಿ ಅರ್ಥವಾಗುತ್ತಿತ್ತು. ಫೋನಿನ ಮೊದಲ ಸಾಲು ನೋಡಿ ಮುಗಿಸುವ ನಮಗೇ ಕಷ್ಟ.

ಇನ್ನು ಎರಡನೇ ಷರತ್ತು, ಕೇಳಿ ಬರೆಯಬೇಕು ಎಂಬುದು. ಇದಕ್ಕೆ ಬಂದಷ್ಟು ವಿರೋಧ ತಾರೀಖಿಗೂ ಬಂದಿಲ್ಲ. ‘ಟೈಮ್ ಇಲ್ಲ ಮೇಡಂ, ಟ್ಯೂಷನ್ ಇದೆ.’ ನಿಜ, ನಿಮ್ಮ ಸಂಜೆಗಳು ಹೇಗಿರುತ್ತವೆ ಎಂದು ನನಗೆ ಗೊತ್ತು. ಆದರೂ ಇದರಲ್ಲಿ ನಾನು ಸಡಿಲ ಬಿಡುವುದಿಲ್ಲ. ಯಾಕೆ ಎಂದು ಹೇಳುತ್ತೇನೆ.

ಹೋದ ವರ್ಷ ಮಾರ್ಚ್ 5ಕ್ಕೆ ಒಬ್ಬ ಹುಡುಗಿ ಗಂಗೂಬಾಯಿ ಹಾನಗಲ್ ಬಗ್ಗೆ ಹಾಳೆ ತಂದಳು. 1913, ಧಾರವಾಡ, ಬಂದ ಪ್ರಶಸ್ತಿಗಳೆಲ್ಲ ಸಾಲಾಗಿ. ಮುತ್ತಿನಂಥ ಅಕ್ಷರ. ‘ಹಾಡು ಕೇಳಿದ್ಯಾ?’ ಎಂದೆ. ಇಲ್ಲ ಎಂದಳು. ಆಫೀಸಿನಲ್ಲೇ ಕೂರಿಸಿ ಹಾಕಿದೆ. ಸ್ವಲ್ಪ ಹೊತ್ತು ಕೇಳಿ, ‘ಮಿಸ್, ಇದು ಬೇರೆ ಯಾರದ್ದೋ ಇದೆ. ಗಂಡಸು ಹಾಡ್ತಿದ್ದಾರೆ’ ಎಂದಳು. ಅವರೇ ಎಂದರೂ ನಂಬಲಿಲ್ಲ. ಆಮೇಲೆ ಅವಳೇ ಹುಡುಕಿಕೊಂಡು ಹೋದಳು. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಗಂಗೂಬಾಯಿ ಅವರ ದನಿ ಹಾಗೆ ದಪ್ಪವಾಯಿತು, ಅವರು ಆ ದನಿಯನ್ನೇ ಇಟ್ಟುಕೊಂಡು ಹಾಡಿದರು, ಸವಾಯಿ ಗಂಧರ್ವರ ಹತ್ತಿರ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗುತ್ತಿದ್ದರು ಎಂದೆಲ್ಲ ತಿಳಿದುಕೊಂಡು ಬಂದಳು. ಪ್ರಶಸ್ತಿಗಳ ಪಟ್ಟಿ ಹೊಸ ಹಾಳೆಯಲ್ಲಿ ಇರಲೇ ಇಲ್ಲ. ಕೇಳದೇ ಹೋಗಿದ್ದರೆ ಆ ಪ್ರಶ್ನೆಯೇ ಅವಳಿಗೆ ಹುಟ್ಟುತ್ತಿರಲಿಲ್ಲ.

ಇದನ್ನೇ ಹೇಳುತ್ತಿರುವುದು. ತಾರೀಖು ಬಾಗಿಲು ಅಷ್ಟೇ. ಮಗು ಒಳಗೆ ಹೋಗಬೇಕು. ಅದಕ್ಕಾಗಿ ಹಾಳೆ ವಾಪಸ್ ಬರುತ್ತದೆ, ಮುಂದೆಯೂ ಬರುತ್ತದೆ. ನಿಮಗೆ ಬೇಸರ ಮಾಡಬೇಕೆಂದಲ್ಲ. ಬೇಸರ ಆಗುತ್ತದೆ ಎಂದೂ ಗೊತ್ತು. ಯಾಕೆ ಎಂದರೆ (ಇದನ್ನು ಸ್ವಲ್ಪ ಮೆಲ್ಲಗೆ ಹೇಳುತ್ತೇನೆ) ವಾಪಸ್ ಬಂದ ಹಾಳೆಗಳಲ್ಲಿ ಕೆಲವು ಮಕ್ಕಳ ಕೈಬರಹದಲ್ಲಿ ಇರಲಿಲ್ಲ. ರಾತ್ರಿ ಹತ್ತಕ್ಕೆ ನೆನಪಾಗಿ ಅಮ್ಮನೋ ಅಪ್ಪನೋ ಬರೆದುಕೊಟ್ಟದ್ದು, ಇಲ್ಲವೇ ಪ್ರಿಂಟ್ ತೆಗೆಸಿ ಅಂಟಿಸಿದ್ದು. ಪ್ರೀತಿಯಿಂದಲೇ ಮಾಡಿದ್ದೀರಿ. ಆದರೆ ಪೆನ್ಸಿಲ್‌ನ ‘ಎಲ್ಲಿಂದ?’ ಆಗ ಮಗುವಿಗೆ ಅಲ್ಲ, ನಿಮಗೇ ತಾಗುತ್ತದೆ ಅಲ್ವಾ?

ಸಮಯ ಹಾಳು ಎಂಬ ದೂರಿಗೆ ಜಾಸ್ತಿ ಬರೆಯುವುದಿಲ್ಲ. ಪ್ರಾರ್ಥನೆಯ ವೇಳೆಯಲ್ಲೇ ಮುಗಿಯುತ್ತದೆ, ಗಣಿತದ ಪೀರಿಯಡ್‌ಗೆ ಒಂದು ನಿಮಿಷವೂ ಕಡಿಮೆ ಆಗಿಲ್ಲ. ಮಕ್ಕಳು ದಿನಾ 52 ಸೆಕೆಂಡಿನಲ್ಲಿ ಹಾಡುವ ಜನ ಗಣ ಮನ ಮೊದಲು ಕೇಳಿಸಿದ್ದು 1911ರ ಡಿಸೆಂಬರ್ 27ರಂದು, ರಾಷ್ಟ್ರಗೀತೆ ಆಗಿದ್ದು 1950ರ ಜನವರಿ 24ರಂದು. ಈ ಎರಡು ದಿನಗಳ ಹಾಳೆ ಬಂದ ಮೇಲೆ ಸಾಲಿನಲ್ಲಿ ನಿಲ್ಲುವಾಗ ತಳ್ಳಾಟ ಕಡಿಮೆಯಾಗಿದೆ ಎಂದು ದೈಹಿಕ ಶಿಕ್ಷಣದ ಸರ್ ಹೇಳುತ್ತಾರೆ. ಅವರ ಮಾತು, ನನ್ನದಲ್ಲ.

ಒಂದು ರಿಯಾಯಿತಿ ಕೊಡುತ್ತೇವೆ. ಎಷ್ಟು ಹುಡುಕಿದರೂ ತಾರೀಖು ಖಚಿತವಾಗದಿದ್ದರೆ ಹಾಗೆಂದೇ ಬರೆಯಲಿ. ಗಾಯಕಿ ಗೌಹರ್ ಜಾನ್ ಕಲ್ಕತ್ತೆಯಲ್ಲಿ ಗ್ರಾಮಫೋನ್ ತಟ್ಟೆಗೆ ಹಾಡಿದ್ದು 1902ರ ನವೆಂಬರ್‌ನಲ್ಲಿ. ದಿನ ಮಾತ್ರ ಒಂದೊಂದು ಕಡೆ ಒಂದೊಂದು ಇದೆ. ಆ ತಿಂಗಳು ಹುಟ್ಟಿದ ಯಾವ ಮಗು ಬೇಕಾದರೂ ಅವರನ್ನು ತಗೊಳ್ಳಬಹುದು. ಹಾಡಿನ ಕೊನೆಯಲ್ಲಿ ಅವರು ತಮ್ಮ ಹೆಸರು ತಾವೇ ಹೇಳಿಕೊಳ್ಳುವ ಪರಿಯನ್ನು ಮಾತ್ರ ಕೇಳದೆ ಬಿಡಬೇಡಿ.

ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು: ಹುಡುಕಲು ಫೋನು ಕೊಡಿ, ಜೊತೆಗೆ ಕೂತು ಕೇಳಿ, ಬರೆಯುವುದನ್ನು ಮಗುವಿಗೇ ಬಿಡಿ.

ವಾಪಸ್ ಬಂದ ಹಾಳೆಗಳನ್ನು ಈ ತಿಂಗಳ ಕೊನೆಯೊಳಗೆ ಕ್ಲಾಸ್ ಟೀಚರ್‌ಗೆ ಕೊಡಬಹುದು. ಹುಟ್ಟುಹಬ್ಬ ಕಳೆದಿದ್ದರೂ ಪರವಾಗಿಲ್ಲ, ಬೆಳಿಗ್ಗೆ ಓದಿಸುತ್ತೇವೆ. ಇನ್ನೂ ಮಾತಾಡಬೇಕು ಎನಿಸಿದರೆ ಶನಿವಾರ ಶಾಲೆ ಬಿಟ್ಟ ಮೇಲೆ ಆಫೀಸಿನಲ್ಲಿ ಇರುತ್ತೇನೆ, ಬನ್ನಿ. ವಾಟ್ಸ್ಯಾಪ್ ಗುಂಪಿನಲ್ಲಿ ಬೇಡ.

ಇತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ