ತೂಕ ಇಳಿಸುವ ಮುನ್ನ ಬಾಗುವ ಲೆಕ್ಕ ಹಾಕಿ

ಮಾನ್ಯ ಸಂಪಾದಕರೇ,

‘ಹೈ ಸ್ಟ್ರೆಂತ್ ಸ್ಟೀಲ್ ಹಾಕಿ, ತೂಕ ಇಳಿಸಿ’ ಎನ್ನುವುದು ಶೆಡ್ಡು, ಟ್ರಸ್ಸು ಕಟ್ಟುವವರ ನಡುವೆ ಈಗ ಮಾಮೂಲಿ ಮಾತು. ಸುಳ್ಳಲ್ಲ, ಆದರೆ ಅರ್ಧ ಸತ್ಯ.

ಸಾಮಾನ್ಯ ಎಂ.ಎಸ್. (ಮೈಲ್ಡ್ ಸ್ಟೀಲ್), ಅಂದರೆ ಇ250 ದರ್ಜೆಯ ಉಕ್ಕಿನ ಯೀಲ್ಡ್ ಸ್ಟ್ರೆಂತ್, ಎಂದರೆ ಮತ್ತೆ ಮೊದಲಿನ ಆಕಾರಕ್ಕೆ ಮರಳದಂತೆ ಹಿಗ್ಗಲು ಶುರುವಾಗುವ ಒತ್ತಡ, 250 ಮೆಗಾಪಾಸ್ಕಲ್. ಹೈ ಸ್ಟ್ರೆಂತ್ ಎನ್ನುವ ಇ350 ದರ್ಜೆಯದು 350. (ಅದೂ 20 ಮಿ.ಮೀ. ಒಳಗಿನ ದಪ್ಪಕ್ಕೆ, 20ರಿಂದ 40ಕ್ಕೆ 330, ಅದನ್ನೂ ದಾಟಿದರೆ 320. ಇದನ್ನು ಮರೆಯುವವರೇ ಜಾಸ್ತಿ.) ಈ ಬಲ ಕಾರ್ಬನ್ ಏರಿಸಿ ಬಂದದ್ದಲ್ಲ. ನಯೋಬಿಯಂ, ವನೇಡಿಯಂ, ಟೈಟಾನಿಯಂಗಳನ್ನು ಚಿಟಿಕೆಯಷ್ಟು ಬೆರೆಸಿ, ರೋಲಿಂಗಿನ ಶಾಖವನ್ನು ಹಿಡಿತದಲ್ಲಿಟ್ಟು ಉಕ್ಕಿನ ಹರಳುಗಳನ್ನು ಸಣ್ಣದಾಗಿಸುತ್ತಾರೆ. ಹರಳು ಸಣ್ಣದಾದಷ್ಟೂ ಬಲ ಹೆಚ್ಚು, ಚಳಿಯಲ್ಲಿ ಬಿರಿಯುವ ಭಯ ಕಡಿಮೆ.

ಎಡವುವುದು ಇಲ್ಲಿ: ಉಕ್ಕು ಯಾವ ದರ್ಜೆಯದಾದರೂ ಎಲಾಸ್ಟಿಕ್ ಮಾಡ್ಯುಲಸ್, ಅಂದರೆ ಭಾರಕ್ಕೆ ಹಿಗ್ಗದೆ ಬಾಗದೆ ನಿಲ್ಲುವ ಬಿಗುವಿನ ಅಳತೆ, ಸುಮಾರು 200 ಗಿಗಾಪಾಸ್ಕಲ್ಲೇ. ಎಳೆತ ಹೊರುವ ಪಟ್ಟಿಯಲ್ಲಿ ಇ250ರ 14 ಮಿ.ಮೀ. ಬದಲು ಇ350ರ 10 ಹಾಕಿದರೆ ತೊಂದರೆಯಿಲ್ಲ. ಅದೇ ಅದಲುಬದಲನ್ನು ಓಡಾಡುವ ಪ್ಲೇಟಿಗೆ ಮಾಡಿದರೆ, ಬಿಗುವು ದಪ್ಪದ ಘನಕ್ಕೆ ತಕ್ಕಂತೆ ಇಳಿಯುವುದರಿಂದ, ಅದೇ ಭಾರಕ್ಕೆ ಸುಮಾರು 2.7 ಪಟ್ಟು ಜಗ್ಗುತ್ತದೆ. ಮುರಿಯದೇ ಇರಬಹುದು, ನಡೆಯಲು ಆಗುವುದಿಲ್ಲ. ಉದ್ದನೆಯ ಸಪೂರ ಕಂಬದ ಬಕ್ಲಿಂಗ್‌ಗೂ (ಭಾರಕ್ಕೆ ಪಕ್ಕಕ್ಕೆ ಬಳುಕಿ ಕುಸಿಯುವುದಕ್ಕೂ) ಹೆಚ್ಚುವರಿ ಬಲದಿಂದ ಲಾಭವಿಲ್ಲ. ಕ್ರೇನ್ ಗರ್ಡರಿನಲ್ಲಿ ವೆಲ್ಡಿನ ಅಂಚಿಗೆ ಆಗುವ ಫೆಟೀಗ್ (ಭಾರ ಮತ್ತೆ ಮತ್ತೆ ಬಿದ್ದು ಬಿರುಕು ಬಿಡುವುದು) ಕೂಡ ಉಕ್ಕಿನ ದರ್ಜೆ ನೋಡುವುದಿಲ್ಲ. ಟ್ರಸ್ಸಿನ ಕೆಳಪಟ್ಟಿ, ಲಾರಿ ಚಾಸಿ, ಬಹುಮಹಡಿ ಕಟ್ಟಡದ ಮೋಟು ಕಂಬ, ಇಂಥಲ್ಲಿ ಈ ಉಕ್ಕಿಗೆ ನಿಜವಾದ ಬೆಲೆ.

ಇನ್ನು ವೆಲ್ಡಿಂಗ್. ಕೈಗೆ ಸಿಕ್ಕ 6013 ಎಂಬ ಸಾಮಾನ್ಯ ವೆಲ್ಡಿಂಗ್ ರಾಡಿನಲ್ಲೇ ಮುಗಿಸುವ ಅಭ್ಯಾಸ ಬಿಡಬೇಕು. ಅದರ ವೆಲ್ಡಿನ ಬಲ ಇ350ಕ್ಕೆ ಸಾಲದು, ಮೇಲಾಗಿ ಹೈಡ್ರೋಜನ್ ಜಾಸ್ತಿ. ಆ ಹೈಡ್ರೋಜನ್ ವೆಲ್ಡಿನ ಪಕ್ಕದ ಗಡುಸಾದ ಪಟ್ಟಿಗೆ ಇಳಿದು, ಕೆಲಸ ಮುಗಿದ ಒಂದೆರಡು ದಿನಕ್ಕೆ ಬಿರುಕು ಬಿಡಿಸುತ್ತದೆ. ಹಾಗಾಗಿ ದಪ್ಪ ಜೋಡಣೆಗಳನ್ನು 48 ಗಂಟೆ ಕಳೆದ ಮೇಲೆ ಪರೀಕ್ಷಿಸುವುದೇ ಸರಿ. ಹೈಡ್ರೋಜನ್ ಕಡಿಮೆಯಿರುವ 7018 ರಾಡು ಬಳಸಿ. ಪ್ಯಾಕೆಟ್ ಒಡೆದ ಮೇಲೆ 120 ಡಿಗ್ರಿ ಸೆಲ್ಸಿಯಸ್‌ಗೆ ಕಡಿಮೆಯಿಲ್ಲದ ಓವನ್ನಿನಲ್ಲಿಡಿ. ನಾಲ್ಕು ಗಂಟೆಗಿಂತ ಹೆಚ್ಚು ಹೊರಗಿದ್ದರೆ 260 ಡಿಗ್ರಿ ದಾಟಿದ ಶಾಖದಲ್ಲಿ ಎರಡು ಗಂಟೆ ಮತ್ತೆ ಒಣಗಿಸಬೇಕು. ಒದ್ದೆಯಾದದ್ದನ್ನು ಎಸೆಯಿರಿ. ಪ್ಲೇಟು 40 ಮಿ.ಮೀ. ದಾಟಿದರೆ ವೆಲ್ಡಿಗೆ ಮುಂಚೆ ಕನಿಷ್ಠ 65 ಡಿಗ್ರಿಗೆ ಬಿಸಿ ಮಾಡಿಕೊಳ್ಳಿ. ಸೊಟ್ಟಗಾದದ್ದನ್ನು ಗ್ಯಾಸ್ ಉರಿಯಿಂದ ನೆಟ್ಟಗೆ ಮಾಡುವಾಗ 650 ಡಿಗ್ರಿ ಮೀರಬೇಡಿ. ರೋಲಿಂಗಿನಲ್ಲಿ ಗಳಿಸಿದ ಸಣ್ಣ ಹರಳು ಅತಿ ಶಾಖಕ್ಕೆ ಬೆಳೆದುಬಿಡುತ್ತದೆ.

ಎರಡೂ ದರ್ಜೆಯ ಪ್ಲೇಟುಗಳು ಕಣ್ಣಿಗೆ ಒಂದೇ. ಪ್ಲೇಟಿನ ಮೇಲಿನ ಹೀಟ್ ನಂಬರನ್ನು (ಉಕ್ಕು ಕರಗಿಸಿದ ತಂಡದ ಗುರುತಿನ ಸಂಖ್ಯೆ) ಟೆಸ್ಟ್ ಸರ್ಟಿಫಿಕೇಟಿನೊಂದಿಗೆ ತಾಳೆ ನೋಡಿ, ಕತ್ತರಿಸುವ ಮೊದಲೇ ಪ್ರತಿ ತುಂಡಿಗೂ ಆ ನಂಬರ್ ಗುದ್ದಿ. ಕತ್ತರಿಸಿದ ಮೇಲೆ ಉಳಿಕೆ ತುಂಡು ಯಾವ ದರ್ಜೆಯದು ಎಂದು ಹೇಳುವವರು ಯಾರೂ ಇರುವುದಿಲ್ಲ.

– ಒಬ್ಬ ಫ್ಯಾಬ್ರಿಕೇಷನ್ ಎಂಜಿನಿಯರ್