ಎರಡನೇ ಮಗುವಿಗೆ ಆರು ತಿಂಗಳು ತುಂಬುವಾಗ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಮುಂದಿನ ತಿಂಗಳಿಂದ ನಿಮ್ಮನೆಯವರು ಆಫೀಸಿಗೆ ಹೊರಡುತ್ತಾರೆ ಅಂದೆ. 26 ವಾರದ ಹೆರಿಗೆ ರಜೆ ಮುಗಿಯುವುದೂ ಮಗುವಿಗೆ ಮೇಲಿನ ಆಹಾರ ಶುರುವಾಗುವುದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಇತ್ತ ದೊಡ್ಡವಳಿಗೆ ನಾಲ್ಕು ವರ್ಷ, ಎಲ್‌ಕೆಜಿ. ಎರಡು ಮಕ್ಕಳಾದರೆ ಕೆಲಸ ಎರಡರಷ್ಟು ಅಂತ ಎಲ್ಲರೂ ಹೆದರಿಸುತ್ತಾರೆ. ಕೆಲಸ ಹೇಗೋ ನಡೆದುಹೋಗುತ್ತೆ ಕಣೋ. ಒಬ್ಬರದು ಇನ್ನೊಬ್ಬರ ಬಾಯಿಗೆ ಹೋಗುತ್ತಲ್ಲ, ತೊಂದರೆ ಇರುವುದು ಅಲ್ಲಿ: ಊಟ, ಔಷಧಿ, ಆಟದ ಸಾಮಾನು, ನೆಗಡಿ ಎಲ್ಲವೂ.

ಮೊದಲು ರಾಗಿ ಸರಿ. ಮನೆಯಲ್ಲೇ ಮಾಡಿ, ಕಷ್ಟವೇನಿಲ್ಲ, ಮೂರ್ನಾಲ್ಕು ದಿನ ಹಿಡಿಯುತ್ತೆ ಅಷ್ಟೆ. ಅರ್ಧ ಕೆಜಿ ರಾಗಿಯನ್ನು ಕಲ್ಲು ತೆಗೆದು, ನೀರು ತಿಳಿಯಾಗುವವರೆಗೆ ನಾಲ್ಕೈದು ಸಲ ತೊಳೆ. ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು, ತೆಳು ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿಡು. ಬಟ್ಟೆ ಒಣಗಿದರೆ ನೀರು ಚಿಮುಕಿಸು. ಒಂದೂವರೆ ದಿನದಲ್ಲಿ ಬಿಳಿ ಮೊಳಕೆ ಇಣುಕುತ್ತೆ. ಅಲ್ಲಿಗೆ ಸಾಕು, ಇನ್ನೂ ಬಿಟ್ಟರೆ ಹುಳಿ ವಾಸನೆ ಶುರುವಾಗುತ್ತೆ. ಗರಿಗರಿ ಆಗುವವರೆಗೆ ಒಣಗಿಸಿ, ಸಣ್ಣ ಉರಿಯಲ್ಲಿ ಘಮ್ ಅನ್ನುವವರೆಗೆ ಹುರಿದು, ಪುಡಿ ಮಾಡಿ, ತೆಳು ಬಟ್ಟೆಯಲ್ಲಿ ಸೋಸಿಕೋ. ಗಿರಣಿಗೆ ಕೊಡುವುದಾದರೆ ಅದಕ್ಕೂ ಮುಂಚೆ ಖಾರದ ಪುಡಿ ಮಾಡಿದ್ದಾರಾ ಅಂತ ಕೇಳಿಯೇ ಕೊಡು. ಕಾಳಿನೊಳಗೆ ತೇವ ಉಳಿದಿದ್ದರೆ ಹಿಟ್ಟು ಬೇಗ ಮುಗ್ಗುತ್ತೆ. ಮುಗ್ಗಿದ್ದನ್ನು ಮತ್ತೆ ಹುರಿದು ಸರಿಮಾಡಲು ಹೋಗಬೇಡ, ಚೆಲ್ಲಿಬಿಡು.

ಬೇಯಿಸುವಾಗ ಎರಡು ದೊಡ್ಡ ಚಮಚ ಹಿಟ್ಟಿಗೆ ಒಂದು ಲೋಟ, ಅಂದರೆ 200 ಎಂಎಲ್ ನೀರು. ತಣ್ಣೀರಲ್ಲೇ ಕದಡಿ ಆಮೇಲೆ ಒಲೆಗಿಡು. ಕುದಿಯುವ ನೀರಿಗೆ ಹಾಕಿದರೆ ಗಂಟು ಗ್ಯಾರಂಟಿ. ಕೈಬಿಡದೆ ತಿರುವುತ್ತಾ ಏಳೆಂಟು ನಿಮಿಷ ಬೇಯಿಸಿ, ಕೊನೆಗೆ ಅರ್ಧ ಚಮಚ ತುಪ್ಪ. ಚಮಚ ವಾಲಿಸಿದರೆ ಸರಿ ನಿಧಾನಕ್ಕೆ ಜಾರಬೇಕು, ನೀರಿನ ಹಾಗೆ ಹರಿಯಬಾರದು. ಮಗು ನುಂಗುತ್ತಿಲ್ಲ ಅಂತ ನೀರು ಸುರಿದು ತೆಳು ಮಾಡುತ್ತಾರಲ್ಲ, ಅಲ್ಲೇ ಎಡವಟ್ಟು. ಹೊಟ್ಟೆ ತುಂಬುತ್ತೆ, ತೂಕ ಏರಲ್ಲ. ಮೊಳಕೆ ಬರುವಾಗ ಕಾಳಿನ ಪಿಷ್ಟ ಒಡೆಯುವುದರಿಂದ ಈ ಹಿಟ್ಟಿನ ಸರಿ ತಾನಾಗೇ ಅಷ್ಟು ಗಟ್ಟಿಯಾಗಲ್ಲ. ಹಾಗಾಗಿ ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಿಡಿಸಬಹುದು. ಶುರುವಿಗೆ ದಿನಕ್ಕೆ ಎರಡು ಸಲ ಎರಡು ಮೂರು ಚಮಚ, ಬರಬರುತ್ತಾ ಅರ್ಧ ಬಟ್ಟಲು. ವರ್ಷ ತುಂಬುವವರೆಗೆ ಉಪ್ಪು, ಸಕ್ಕರೆ, ಬೆಲ್ಲ ಬೇಡ. ಜೇನುತುಪ್ಪವನ್ನಂತೂ ನಾಲಿಗೆಗೆ ಸವರಲೂ ಬೇಡ. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದಿಂದ ಬಾಟ್ಯುಲಿಸಂ ಅನ್ನುವ ಅಪಾಯದ ಕಾಯಿಲೆ ಬರಬಹುದು. ಅಜ್ಜಿಗೆ ಇದನ್ನು ನೀನು ಹೇಳುವ ಬದಲು ಡಾಕ್ಟರ ಬಾಯಲ್ಲೇ ಹೇಳಿಸು, ಮನೆಯಲ್ಲಿ ಶಾಂತಿ ಇರುತ್ತೆ.

ಚಿಕ್ಕೋನಿಗೆ ಅಂತ ಬೇರೆ ಅಡುಗೆ ಮಾಡುತ್ತಾ ಕೂರಬೇಡಿ. ಎಲ್ಲರಿಗೂ ಇಡುವ ಕುಕ್ಕರಿನಲ್ಲೇ ಅನ್ನ, ತೊಗರಿಬೇಳೆ, ಒಂದು ತುಂಡು ಕುಂಬಳಕಾಯಿ ಅಥವಾ ಕ್ಯಾರೆಟ್ ಬೇಯಲಿ. ಉಪ್ಪು, ಹುಳಿ, ಸಾರಿನ ಪುಡಿ ಬೀಳುವ ಮೊದಲೇ ಅವನ ಪಾಲು ತೆಗೆದಿಟ್ಟು ಕಿವುಚು. ಬೇಳೆಯ ಕಟ್ಟನ್ನಷ್ಟೇ ಕೊಟ್ಟು ಬೇಳೆಯನ್ನು ದೊಡ್ಡವರು ತಿನ್ನುವ ಪದ್ಧತಿ ಯಾರು ತಂದರೋ. ಸಾರವೆಲ್ಲ ಬೇಳೆಯಲ್ಲೇ ಇರುವುದು.

ಹಿಂಡಿಟ್ಟ ತಾಯಿ ಹಾಲನ್ನು ತಂಪು ಕೋಣೆಯಲ್ಲಿ 4 ಗಂಟೆ ಇಡಬಹುದು, ಬೇಸಿಗೆಯಲ್ಲಿ ಅಷ್ಟನ್ನೂ ನೆಚ್ಚಬೇಡ. ಫ್ರಿಜ್‌ನಲ್ಲಾದರೆ ಬಾಗಿಲಲ್ಲಿ ಬೇಡ, ಒಳಗಡೆ ಹಿಂದಕ್ಕೆ ಇಡು. ಬೆಚ್ಚಗೆ ಮಾಡಲು ಆ ಲೋಟವನ್ನು ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿದರೆ ಸಾಕು. ಬಾಟಲಿಗಿಂತ ನಮ್ಮ ಒಳಲೆಯೇ ವಾಸಿ, ತೊಳೆಯುವುದೂ ಸುಲಭ.

ಇನ್ನು ಔಷಧಿ. ಇದನ್ನು ಮಾತ್ರ ಎರಡು ಸಲ ಓದು. ಜ್ವರದ ಪ್ಯಾರಸಿಟಮಾಲ್ ಡ್ರಾಪ್ಸ್ ಸಾಮಾನ್ಯವಾಗಿ 1 ಎಂಎಲ್‌ಗೆ 100 ಎಂಜಿ ಇರುತ್ತೆ. ಸಿರಪ್ಪು 5 ಎಂಎಲ್‌ಗೆ 120, 125 ಅಥವಾ 250 ಎಂಜಿ. ಚಿಕ್ಕ ಸೀಸೆಯಲ್ಲಿರುವ ಡ್ರಾಪ್ಸೇ ಎಲ್ಲಕ್ಕಿಂತ ಗಟ್ಟಿ. ಪಾಪುವಿನ ಔಷಧಿ ಅಂದರೆ ಸೌಮ್ಯ ಅಂತ ಎಲ್ಲರೂ ತಪ್ಪು ತಿಳಿಯುವುದು ಇಲ್ಲೇ. ಲೆಕ್ಕ ವಯಸ್ಸಿನದಲ್ಲ, ತೂಕದ್ದು: ಒಂದು ಸಲಕ್ಕೆ ಕೆಜಿಗೆ 10ರಿಂದ 15 ಎಂಜಿ. ಏಳೂವರೆ ಕೆಜಿಯ ಕೂಸಿಗೆ ಡ್ರಾಪ್ಸ್ 1 ಎಂಎಲ್ ಆದರೆ, 16 ಕೆಜಿಯ ದೊಡ್ಡವಳಿಗೆ 250ರ ಸಿರಪ್ಪು ನಾಲ್ಕೂವರೆ ಎಂಎಲ್. ಡ್ರಾಪ್ಸನ್ನೇ ಸಿರಪ್ಪು ಅಂದುಕೊಂಡು 5 ಎಂಎಲ್ ಕುಡಿಸಿದರೆ ಕೂಸಿಗೆ 500 ಎಂಜಿ ಹೋದಂತೆ! ಡಾಕ್ಟರು ಹೇಳಿದ ಎಂಎಲ್ಲನ್ನು ಬಿಳಿ ಟೇಪಿನ ಮೇಲೆ ಮಗುವಿನ ಹೆಸರಿನ ಸಮೇತ ಬರೆದು ಸೀಸೆಗೆ ಅಂಟಿಸು. ತೂಕ ಏರಿದ ಹಾಗೆ ಕೇಳಿ ತಿದ್ದು. ಒಬ್ಬರದು ಒಂದು ಕಪಾಟಿನಲ್ಲಿ, ಇನ್ನೊಬ್ಬರದು ಬೇರೆ ಕಡೆ. ಅಡುಗೆಮನೆ ಚಮಚ ಬೇಡ, ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆ. ಕೊಟ್ಟ ಹೊತ್ತನ್ನು ಫ್ರಿಜ್ ಮೇಲಿನ ಚೀಟಿಯಲ್ಲಿ ಬರೆಯದಿದ್ದರೆ ಅಜ್ಜಿ ಒಂದು ಸಲ, ನೀನು ಒಂದು ಸಲ ಕೊಟ್ಟಿರುತ್ತೀರಿ. ಎರಡು ಡೋಸಿನ ಮಧ್ಯೆ ಕನಿಷ್ಠ 4 ಗಂಟೆ, ದಿನಕ್ಕೆ ನಾಲ್ಕು ಸಲ ಮೀರಬಾರದು.

ಭೇದಿಗೆ ಕೊಡುವ ಓಆರ್‌ಎಸ್‌ನಲ್ಲೂ ಇದೇ ಗೊಂದಲ. ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ, ಚಿಕ್ಕದು 200 ಎಂಎಲ್‌ಗೆ. ಲೀಟರಿನ ಪೊಟ್ಟಣವನ್ನು ಒಂದು ಲೋಟಕ್ಕೆ ಕದಡಿದರೆ ಉಪ್ಪು ಅತಿಯಾಗಿ ಅಪಾಯ. ಕದಡಿದ್ದನ್ನು 24 ಗಂಟೆಯ ನಂತರ ಚೆಲ್ಲು.

ಶಾಲೆಯಿಂದ ನೆಗಡಿ ಬಂದೇ ಬರುತ್ತೆ, ತಡೆಯೋಕಾಗಲ್ಲ. ದೊಡ್ಡವಳು ಬಂದ ಕೂಡಲೇ ಸೋಪು ಹಾಕಿ ಕೈ ತೊಳೆದು, ಯೂನಿಫಾರ್ಮ್ ಬದಲಿಸಿ ಆಮೇಲೆ ತಮ್ಮನನ್ನು ಮುಟ್ಟಲಿ. ಮುತ್ತು ಕೊಡುವುದಾದರೆ ಪಾದಕ್ಕೆ ಕೊಡಲಿ. ಅವಳ ಕೆಮ್ಮಿನ ಸಿರಪ್ಪು ಅವನಿಗೆ ಬೇಡವೇ ಬೇಡ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಔಷಧಿ ಕೊಡಬಾರದು ಅಂತ 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರವೇ ಸೂಚನೆ ಕೊಟ್ಟಿದೆ. ಚಿಕ್ಕೋನು ಸುಮ್ಮನೆ ಮಲಗಿದ್ದಾಗ ಅಂಗಿ ಎತ್ತಿ, ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಉಸಿರು ಎಣಿಸು. 50 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಇಲ್ಲವೇ ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬೀಳುತ್ತಿದ್ದರೆ, ಬೆಳಗಾಗುವವರೆಗೆ ಕಾಯಬೇಡ, ಆಗಲೇ ಆಸ್ಪತ್ರೆಗೆ ಹೊರಡು.

ಇನ್ನೆರಡು ತಿಂಗಳಲ್ಲಿ ಅಂಬೆಗಾಲು ಶುರು. ಮಣಿ, ಕ್ರೇಯಾನ್ ಚೂರು, ಕಡಲೆಬೀಜ ಎಲ್ಲ ಮೇಜಿನ ಮೇಲೆ. ನೆಲದ ಚಾಪೆ ಅವನದು. ಅವಳ ಸಾಮಾನೂ ಸೇಫ್, ಜಗಳವೂ ಕಮ್ಮಿ. ಹಾಡುವ ಆಟಿಕೆ, ರಿಮೋಟುಗಳ ಬಟನ್ ಸೆಲ್ ಮುಚ್ಚಳಕ್ಕೆ ಸ್ಕ್ರೂ ಇದೆಯಾ ಇವತ್ತೇ ನೋಡು. ಸೆಲ್ ಗಂಟಲಲ್ಲಿ ಸಿಕ್ಕಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು.

ಸ್ನಾನದ ಬಕೆಟ್ಟಿಗೆ ತಣ್ಣೀರು ಮೊದಲು, ಬಿಸಿನೀರು ಆಮೇಲೆ. ಆದ ಮೇಲೆ ಬಕೆಟ್ ಬೋರಲು ಹಾಕು. ನಾಲ್ಕು ಬೆರಳು ನೀರೂ ಕೂಸಿಗೆ ಅಪಾಯವೇ.

ದೊಡ್ಡವಳು ಮತ್ತೆ ಚಡ್ಡಿ ಒದ್ದೆ ಮಾಡುತ್ತಿದ್ದಾಳೆ ಅಂದೆಯಲ್ಲ. ತಮ್ಮನೋ ತಂಗಿಯೋ ಬಂದಾಗ ಬಹಳ ಮಕ್ಕಳು ಹಾಗೆ ಮಾಡುತ್ತಾರೆ, ಬೈಯಬೇಡಿ. ಆದರೆ ಉರಿ, ನೋವು ಅಂದರೆ ಮೂತ್ರ ಪರೀಕ್ಷೆ ಮಾಡಿಸು. ದಿನಾ ಹದಿನೈದು ನಿಮಿಷ, ಫೋನು ಬದಿಗಿಟ್ಟು, ಅವಳೊಬ್ಬಳ ಜೊತೆ ಕೂತುಕೋ. ಪಾಪು ಮಲಗಿದೆ ಸದ್ದು ಮಾಡಬೇಡ ಅನ್ನುವುದನ್ನು ಆದಷ್ಟು ಕಮ್ಮಿ ಮಾಡಿ. ಸದ್ದಿನಲ್ಲೇ ಮಲಗುವುದನ್ನು ಅವನು ಕಲಿಯುತ್ತಾನೆ.

ಇಬ್ಬರ ತಾಯಿ ಕಾರ್ಡೂ ಒಂದೇ ಫೈಲಿನಲ್ಲಿರಲಿ. ಒಂಬತ್ತು ತಿಂಗಳು ತುಂಬಿದಾಗ ಅವನಿಗೆ ದಡಾರ-ರುಬೆಲ್ಲಾ, ಐದು ತುಂಬಿದ ಮೇಲೆ ಅವಳಿಗೆ ಡಿಪಿಟಿ ಬೂಸ್ಟರ್. ಮನೆಯಲ್ಲಿರುವ ಔಷಧಿ ಸೀಸೆಗಳ ಲೇಬಲ್ ಫೋಟೋ ತೆಗೆದು ವಾಟ್ಸಾಪ್ ಮಾಡು, ಯಾವುದು ಎಷ್ಟು ಗಟ್ಟಿ ಅಂತ ಕೂತು ನೋಡೋಣ.

ಇಂತಿ,
ನಿನ್ನ ಗೆಳೆಯ