ಮಲಯ್ ಹಾಡುಗಳಿಗೆ ಕಿವಿಗೊಡು

ಚಿ. ಪ್ರಸನ್ನನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವೆಲ್ಲರೂ ಕ್ಷೇಮ. ಕೌಲಾಲಂಪುರದ ಕೆಲಸ ನಿನಗೆ ಹಿಡಿಸಿದ್ದು ಸಂತೋಷ. ಆದರೆ ಕಚೇರಿಯ ಗೆಳೆಯರು ಕೇಳುವ ಮಲಯ್ ರಾಕ್ ಹಾಡುಗಳೆಲ್ಲ ಪಾಶ್ಚಾತ್ಯರ ನಕಲೆಂದು ನೀನು ಬರೆದದ್ದನ್ನು ಓದಿ, ಆ ದೇಶದಲ್ಲಿ ಹಲವು ವರ್ಷ ದುಡಿದು ಆ ಹಾಡುಗಳನ್ನು ಇಂದಿಗೂ ಪ್ರೀತಿಯಿಂದ ಕೇಳುವ ನನಗೆ ಸುಮ್ಮನಿರಲಾಗಲಿಲ್ಲ.

ಹೊರಗಿನ ಪ್ರಭಾವವಿದ್ದದ್ದು ನಿಜ. 1961ರಲ್ಲಿ ಇಂಗ್ಲೆಂಡಿನ ಗಾಯಕ ಕ್ಲಿಫ್ ರಿಚರ್ಡ್ ಮತ್ತು ಅವನ ಜೊತೆಯ ಶ್ಯಾಡೋಸ್ ತಂಡ ಸಿಂಗಾಪುರಕ್ಕೆ ಬಂದು ಹಾಡಿದ ಮೇಲೆ, ಅದರ ಬೆನ್ನಿಗೇ ಬೀಟಲ್ಸರ ಅಲೆಯೂ ಸೇರಿ, ಎಲ್ಲೆಡೆ ಗಿಟಾರ್ ತಂಡಗಳು ಹುಟ್ಟಿಕೊಂಡವು. ಆದರೆ ‘ಪಾಪ್ ಯೇ ಯೇ’ ಎನಿಸಿಕೊಂಡ ಆ ಹಾಡುಗಳಲ್ಲಿ ಗಿಟಾರ್ ಹೊಸದಾದರೂ ಮಾತು ಮನೆಯದು. ದನಿಯ ಎಳೆತದಲ್ಲಿ ಹಳೆಯ ಮಲಯ್ ಗಾಯನದ ಜಾಡು ಸ್ಪಷ್ಟವಾಗಿ ಕೇಳಿಸುತ್ತದೆ.

ನೀನು ಮುಖ್ಯವಾಗಿ ತಿಳಿಯಬೇಕಾದದ್ದು ಮಲೇಷ್ಯಾದ ಪೆನಾಂಗಿನ ಆಲಿಕ್ಯಾಟ್ಸ್ ಎಂಬ ಹಾಡುಗಾರರ ತಂಡದ ಕಥೆ. ಡೇವಿಡ್ ಮತ್ತು ಲೋಗನಾಥನ್ ಆರುಮುಗಂ ಎಂಬ ತಮಿಳು ಮನೆತನದ ಅಣ್ಣತಮ್ಮಂದಿರು ಮೊದಲು ಕ್ಲಬ್ಬುಗಳಲ್ಲಿ ಇಂಗ್ಲಿಷ್ ಹಾಡುಗಳನ್ನು ಹಾಡಿಕೊಂಡಿದ್ದವರು. ಎಪ್ಪತ್ತರ ದಶಕದ ಕೊನೆಗೆ ಅವರು ಮಲಯ್ ಹಾಡುಗಳತ್ತ ಹೊರಳಿದಾಗಲೇ ನಾಡು ಅವರನ್ನು ತನ್ನವರೆಂದು ಅಪ್ಪಿಕೊಂಡಿತು. ಮನೆಯಲ್ಲಿ ಬೇರೆ ನುಡಿಯಾಡುವವರೂ ನೆರೆಯವರ ನುಡಿಯಲ್ಲಿ ಇಷ್ಟು ಮನಮುಟ್ಟುವಂತೆ ಹಾಡಬಲ್ಲರೆಂಬುದು, ಹೊರಗಿನಿಂದ ಹೋಗಿ ಅಲ್ಲಿ ಬಾಳಬೇಕಾದ ನಿನ್ನಂಥವನಿಗೆ ಚಿಕ್ಕ ಸಂಗತಿಯಲ್ಲ.

ಬಳಿಕ ಸರ್ಚ್, ವಿಂಗ್ಸ್ ಎಂಬ ರಾಕ್ ತಂಡಗಳ ಕಾಲ ಬಂತು. ಜೊಹೋರ್ ಬಾರುವಿನ ಸರ್ಚ್ 1989ರಲ್ಲಿ ಹೊರತಂದ ‘ಇಸಬೆಲ್ಲಾ’ ಇಂಡೋನೇಷ್ಯಾದಲ್ಲೂ ಮನೆಮಾತಾಯಿತು. ಎಂ. ನಾಸಿರ್ ರಾಗ ಹಾಕಿದ ಆ ಹಾಡು ಮೆಲ್ಲನೆ ಆರಂಭವಾಗುತ್ತದೆ. ಬರಬರುತ್ತ ತಂಡದ ಗಾಯಕ ಏಮಿಯ ಒರಟು ಕಂಠ ತಾರಸ್ಥಾಯಿಗೇರಿ, ಎರಡು ಲೋಕಗಳಿಗೆ ಸೇರಿದ ಪ್ರೇಮಿಗಳ ಅಗಲಿಕೆಯನ್ನು ಎದೆಗೆ ನಾಟಿಸುತ್ತದೆ. ಅದನ್ನು ನಕಲೆಂದು ಕರೆಯಲು ನನಗೆ ನಾಲಿಗೆ ಏಳದು.

1992ರಲ್ಲಿ ಉದ್ದ ಕೂದಲಿನ ಗಾಯಕರು ಸರ್ಕಾರಿ ಟೆಲಿವಿಷನ್ನಿನಲ್ಲಿ ಕಾಣಿಸಿಕೊಳ್ಳಬಾರದೆಂಬ ನಿರ್ಬಂಧ ಬಂದು, ಎರಡೂ ತಂಡಗಳವರು ಕೂದಲು ಕತ್ತರಿಸಿಕೊಳ್ಳಬೇಕಾಯಿತು. ಅದು ನನಗೆ ಇಂದಿಗೂ ಅನ್ಯಾಯವೆಂದೇ ತೋರುತ್ತದೆ. ಆದರೂ ಜನ ಅವರ ಕೈಬಿಡಲಿಲ್ಲ. ಮುಂದೆ ಶೀಲಾ ಆನ್ 7, ಪೀಟರ್‌ಪ್ಯಾನ್ ಮುಂತಾದ ಇಂಡೋನೇಷ್ಯಾದ ತಂಡಗಳು ಮಲೇಷ್ಯಾದ ರೇಡಿಯೋವನ್ನು ಎಷ್ಟರಮಟ್ಟಿಗೆ ಆವರಿಸಿದವೆಂದರೆ, 2008ರ ಹೊತ್ತಿಗೆ ಪ್ರಸಾರದಲ್ಲಿ ಶೇಕಡ 90 ಪಾಲು ಸ್ಥಳೀಯರಿಗಿರಲೆಂದು ಅಲ್ಲಿನ ಕಲಾವಿದರ ಸಂಘವೇ ಒತ್ತಾಯಿಸಿತು.

ಆದ್ದರಿಂದ, ಮಗೂ, ಗೆಳೆಯರು ಕ್ಯಾರಿಯೋಕೆಗೆ ಕರೆದರೆ ನೆಪ ಹೇಳಿ ತಪ್ಪಿಸಿಕೊಳ್ಳಬೇಡ. ಒಂದು ಹಾಡನ್ನಾದರೂ ಆರಿಸಿಕೊಂಡು, ಅದರ ಸಾಲುಗಳ ಅರ್ಥವನ್ನು ಅವರ ಬಾಯಿಂದಲೇ ಕೇಳಿ ತಿಳಿದುಕೋ. ಅನಂತರವೂ ನಿನ್ನ ಅಭಿಪ್ರಾಯ ಬದಲಾಗದಿದ್ದರೆ ಕಾರಣಸಹಿತ ಬರೆ, ಖಂಡಿತ ಓದುತ್ತೇನೆ.

ಇತಿ,
ನಿನ್ನ ದೊಡ್ಡಪ್ಪ